ಬಿಸಿಲು ಕದಿಯೋದು ರೂಪಾಯಿಗೆ ಐದು ಪೈಸೆ, ಉಳಿದದ್ದು ಎಲ್ಲಿ ಹೋಯ್ತು?

ಯುಗಾದಿ ಕಳೆದು ಎರಡು ವಾರ ಆಗಲಿಕ್ಕಿಲ್ಲ, ನಮ್ಮ ಕಡೆ ಒಂದು ಮಾತು ಶುರುವಾಗುತ್ತೆ. "ಕಾರು ಎಳೀತಿಲ್ಲ ಕಣ್ರೀ, ಬಿಸಿಲಿಗೆ." ಡೈರಿ ಹತ್ರ ಇದೇ ಮಾತು, ಭದ್ರಾವತಿ ಸಂತೆಯಲ್ಲಿ ಇದೇ ಮಾತು, ಶಿವಮೊಗ್ಗ ಎಪಿಎಂಸಿಗೆ ಅಡಿಕೆ ಸ್ಯಾಂಪಲ್ ತಗೊಂಡು ಹೋದಾಗ ಅಲ್ಲಿ ಮರದ ನೆರಳಿಗೆ ಗಾಡಿ ನಿಲ್ಲಿಸಿದವರದ್ದೂ ಇದೇ ಮಾತು. ಗ್ಯಾರೇಜಿಗೆ ಹೋದರೆ ಅವರೂ ಬಾನೆಟ್ ಎತ್ತಿ ಒಂದು ಸಲ ನೋಡಿ "ಎಲ್ಲಾ ಗಾಡೀನೂ ಹಿಂಗೇ ಸರ್, ಮಳೆ ಬೀಳಲಿ ಸರಿ ಹೋಗುತ್ತೆ" ಅಂತಾರೆ. ಮಳೆ ಬೀಳುತ್ತೆ, ಸರಿ ಹೋದಂಗೂ ಕಾಣುತ್ತೆ. ಮುಂದಿನ ಏಪ್ರಿಲ್‌ಗೆ ಇನ್ನೂ ಜಾಸ್ತಿಯಾಗಿ ಬರುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬಿಸಿಲಿಗೆ ಕಾರು ಸೋಲುತ್ತೆ ಅನ್ನೋದರಲ್ಲಿ ಕಾಲು ಭಾಗವೂ ನಿಜ ಇಲ್ಲ. ಬಿಸಿಲು ಕಾಯಿಲೆ ತರೋದಿಲ್ಲ, ಮೊದಲೇ ಇರೋ ಕಾಯಿಲೆಯನ್ನ ತೋರಿಸುತ್ತೆ ಅಷ್ಟೆ. ತೋರಿಸಿದಾಗ ನೋಡದೆ ಮಳೆಗೆ ಕಾಯೋದು ತುಂಬಾ ದುಬಾರಿ ಬೀಳುತ್ತೆ. ನಮ್ಮ ಪಕ್ಕದ ಊರಿನವರೊಬ್ಬರು ಹೋದ ವರ್ಷ ಹಂಗೇ ಕಾದರು. ಕೊನೆಗೆ ಇಂಜಿನ್ ಹೆಡ್ ಸೊಟ್ಟಗಾಗಿ, ಗ್ಯಾಸ್ಕೆಟ್ ಸುಟ್ಟು, ಒಂದು ಕ್ವಿಂಟಾಲ್ ಅಡಿಕೆ ದುಡ್ಡು ಹತ್ರ ಹತ್ರ ಗ್ಯಾರೇಜಿಗೆ ಹೋಯ್ತು. ಅದಕ್ಕಿಂತ ದೊಡ್ಡದು, ಗಾಡಿ ನಿಂತದ್ದು ವಯಸ್ಸಾದ ತಾಯಿಯನ್ನ ಮೆಗ್ಗಾನ್ ಆಸ್ಪತ್ರೆಗೆ ಕರ್ಕೊಂಡು ಹೋಗೋ ದಾರೀಲಿ, ಮಧ್ಯಾಹ್ನ ಎರಡು ಗಂಟೆಗೆ. ಆಟೋ ಸಿಗೋವರೆಗೆ ಆ ಅಜ್ಜಿ ರಸ್ತೆ ಬದಿ ಕೂತಿದ್ದರು. ನಮ್ಮಂಥವರ ಕಾರು ಶೋಕಿಗಲ್ಲ. ಆಸ್ಪತ್ರೆಗೂ ಅದೇ, ಗೊಬ್ಬರಕ್ಕೂ ಅದೇ, ಮದುವೆಗೂ ಅದೇ.

ಈಗ ಲೆಕ್ಕಕ್ಕೆ ಬನ್ನಿ. ಇಂಜಿನ್‌ಗೆ ಬೇಕಾದ್ದು ಎಣ್ಣೆ ಮತ್ತು ಗಾಳಿ. ಗಾಳಿ ಬಿಸಿ ಆದಷ್ಟೂ ತೆಳುವಾಗುತ್ತೆ, ಅಷ್ಟೇ ಜಾಗದಲ್ಲಿ ಉಸಿರು ಕಡಿಮೆ ಸಿಗುತ್ತೆ. ಎಷ್ಟು ಕಡಿಮೆ? ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿ ಭಾಗಿಸಿದರೆ ಸಿಗುತ್ತೆ. 25 ಡಿಗ್ರಿ ಅಂದ್ರೆ 298, 40 ಡಿಗ್ರಿ ಅಂದ್ರೆ 313. 298ನ್ನ 313ರಿಂದ ಭಾಗಿಸಿದರೆ ನೂರಕ್ಕೆ 95. ಅಂದ್ರೆ ಜನವರಿಯ ಬೆಳಿಗ್ಗೆಗೂ ಏಪ್ರಿಲ್ ಮಧ್ಯಾಹ್ನಕ್ಕೂ ವ್ಯತ್ಯಾಸ ರೂಪಾಯಿಗೆ ಐದು ಪೈಸೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿರೋದರಿಂದ ಉಡುಪಿಗಿಂತ ಇಲ್ಲಿ ಗಾಳಿ ಇನ್ನೂ ಒಂಚೂರು ತೆಳು, ಆದರೆ ಅದು ವರ್ಷಪೂರ್ತಿ ಹಂಗೇ ಇರುತ್ತೆ, ಬೇಸಿಗೆಗೆ ಅಂತ ಬರೋದಲ್ಲ. ಇದರ ಮೇಲೆ ಎಸಿ. ಸಣ್ಣ ಕಾರಿನ ಎಸಿ ಕಂಪ್ರೆಸರ್ ಮೂರ್ನಾಲ್ಕು ಅಶ್ವಶಕ್ತಿ ತಿನ್ನುತ್ತೆ. ಹಳೆ ಮಾರುತಿ 800ಗೆ ಇದ್ದದ್ದೇ 37 ಅಶ್ವಶಕ್ತಿ. ಅದರಲ್ಲಿ ನಾಲ್ಕು ಹೋದ್ರೆ ಗೊತ್ತಾಗದೆ ಇರುತ್ತಾ? ಹಂಗಾಗಿ ನಾಲ್ಕು ಜನ ಕೂತು, ಎಸಿ ಹಾಕಿ, ಏರು ಹತ್ತುವಾಗ ಗಾಡಿ ಸ್ವಲ್ಪ ಭಾರ ಅನ್ನಿಸೋದು ಸಹಜ. ಎಸಿ ಆಫ್ ಮಾಡಿದ ತಕ್ಷಣ ಆ ಭಾರ ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಎಸಿ ಆಫ್ ಮಾಡಿದ ಮೇಲೂ ಮೂರನೇ ಗೇರಿನಲ್ಲಿ ಹೋಗ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಗಿ ಬಂದರೆ ಅದು ಐದು ಪೈಸೆ ಕಳ್ಳತನ ಅಲ್ಲ. ಯಾರೋ ಐವತ್ತು ಪೈಸೆ ಕದೀತಿದಾರೆ.

ಯಾರು ಅಂತ ಹುಡುಕೋಕೆ ಮೊದಲು ಒಂದೇ ಪ್ರಶ್ನೆ: ಇಂಜಿನ್ ಬಿಸಿ ಮುಳ್ಳು ಏರುತ್ತಾ, ಏರಲ್ವಾ? ಏರಿದ್ರೆ ಯಾವಾಗ ಏರುತ್ತೆ? ಭದ್ರಾವತಿಯಿಂದ ಹೊರಟು ಮಾಚೇನಹಳ್ಳಿ ದಾಟಿ ಎಂಆರ್‌ಎಸ್ ಸರ್ಕಲ್‌ವರೆಗೆ ಚೆನ್ನಾಗಿ ಬಂದು, ಶಿವಮೊಗ್ಗ ಬಿಎಚ್ ರಸ್ತೆಯ ಟ್ರಾಫಿಕ್ಕಿನಲ್ಲಿ, ಅಮೀರ್ ಅಹಮದ್ ಸರ್ಕಲ್ ಹತ್ರ ನಿಂತಾಗ ಮುಳ್ಳು ಏರಿದರೆ ತೊಂದರೆ ಫ್ಯಾನಿನದ್ದು. ಓಡುವಾಗ ಗಾಳಿ ತಾನಾಗಿ ನುಗ್ಗುತ್ತೆ, ನಿಂತಾಗ ಫ್ಯಾನೇ ಗತಿ. ಇದಕ್ಕೆ ತದ್ವಿರುದ್ಧ, ಪೇಟೆಯೊಳಗೆ ಸುಮ್ಮನಿದ್ದು ಹೈವೇಯಲ್ಲಿ 80ರ ಮೇಲೆ ಓಡಿಸಿದಾಗ ಅಥವಾ ಘಾಟಿ ಹತ್ತುವಾಗ ಮುಳ್ಳು ಏರಿದರೆ ರೇಡಿಯೇಟರ್ ಕಟ್ಟಿದೆ, ಇಲ್ಲಾ ನೀರು ಕಡಿಮೆ, ಇಲ್ಲಾ ವಾಟರ್ ಪಂಪ್ ಸವೆದಿದೆ. ಮುಳ್ಳು ಅಲುಗಾಡದೆ ಗಾಡಿ ಮಾತ್ರ ಸೋತರೆ ಅದು ಪೂರಾ ಬೇರೆ ಕಥೆ, ಅದಕ್ಕೆ ಆಮೇಲೆ ಬರ್ತೀನಿ. ಈ ಮೂರನ್ನ ಬೇರೆ ಮಾಡಿ ಹೇಳಿದರೆ ಒಳ್ಳೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂಗೆ. "ಬಿಸಿಲಿಗೆ ಎಳೀತಿಲ್ಲ" ಅಂತಷ್ಟೇ ಹೇಳಿದರೆ ಅವನು ತಾನೇ ಏನು ಮಾಡ್ತಾನೆ, ಪ್ಲಗ್ ಬದಲಿಸ್ತಾನೆ.

ಇನ್ನೊಂದು ಸಿಟ್ಟು ನನಗೆ. ಈಗಿನ ಎಷ್ಟೋ ಚಿಕ್ಕ ಕಾರುಗಳಲ್ಲಿ ಈ ಮುಳ್ಳನ್ನೇ ತೆಗೆದುಬಿಟ್ಟಿದಾರೆ. ತಣ್ಣಗಿದ್ದರೆ ನೀಲಿ ದೀಪ, ಮಿತಿ ಮೀರಿದ್ರೆ ಕೆಂಪು ದೀಪ, ನಡುವೆ ಏನೂ ಇಲ್ಲ. ಕೆಂಪು ದೀಪ ಬರೋ ಹೊತ್ತಿಗೆ ತಡವಾಗಿರುತ್ತೆ. ಅದು ಜ್ವರ ನೋಡೋ ಥರ್ಮಾಮೀಟರ್ ಅಲ್ಲ, ಹೆಣ ಎತ್ತೋ ಗಾಡಿ ಸೈರನ್.

ಮುಳ್ಳು ಏರೋ ಕಾಯಿಲೆಗೆ ನಮ್ಮ ಕಡೆಯ ಮೊದಲ ಕಾರಣ ಧೂಳು. ಪೇಟೆಯವರ ಕಾರಿಗೂ ನಮ್ಮ ಕಾರಿಗೂ ಇಲ್ಲೇ ವ್ಯತ್ಯಾಸ. ಭತ್ತ ಕೊಯ್ಯೋ ಮಿಷನ್ ಹಿಂದೆ ನಾವು ಗಾಡಿ ನಿಲ್ಲಿಸ್ತೀವಿ, ಮೆಕ್ಕೆಜೋಳ ಒಕ್ಕಣೆ ನಡೆಯೋ ಕಣದಲ್ಲಿ ನಿಲ್ಲಿಸ್ತೀವಿ, ಅಡಿಕೆ ಸುಲಿಯೋ ಮಿಷನ್ ಪಕ್ಕದಲ್ಲೂ ನಿಲ್ಲಿಸ್ತೀವಿ. ಆ ಹೊಟ್ಟು, ಸಿಪ್ಪೆಯ ಜುಂಗು, ಚಾನಲ್ ಏರಿ ಮೇಲೆ ಸಂಜೆ ಓಡಿಸಿದಾಗ ಬಡಿಯೋ ಹುಳ, ಎಲ್ಲಾ ಹೋಗಿ ಕೂರೋದು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಒಂದೆರಡು ಬೆರಳು ಸಂದಿಯಲ್ಲಿ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಪಳಪಳ ಅಂತಿರುತ್ತೆ, ಅದರ ಹಿಂದೆ ರೇಡಿಯೇಟರ್ ಮೇಲೆ ಕಂಬಳಿ ಹೊದಿಸಿದಂಗೆ ಕಸ. ಟಾರ್ಚ್ ಹಿಡಿದು ಮೇಲಿನಿಂದ ಆ ಸಂದಿಗೆ ಬಗ್ಗಿ ನೋಡಿ, ಗೊತ್ತಾಗುತ್ತೆ. ತೊಳೆಯುವಾಗ ಇಂಜಿನ್ ತಣ್ಣಗಿರಬೇಕು, ನೀರು ಒಳಗಡೆಯಿಂದ ಹೊರಗಡೆಗೆ ಹಾಯಿಸಬೇಕು, ಕಸ ಬಂದ ದಾರೀಲೇ ವಾಪಸ್ ಹೋಗಬೇಕಲ್ಲ. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಷರ್ ಪೈಪನ್ನ ಹತ್ತಿರ ಹಿಡಿದರೆ ಆ ತೆಳು ರೆಕ್ಕೆಗಳು ಮಡಚಿ ಗಾಳಿ ದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತೆ. ತೋಟದ ಹೋಸ್ ಪೈಪ್ ಸಾಕು, ಅರ್ಧ ಗಂಟೆ ತಾಳ್ಮೆ ಬೇಕು. ಟರ್ಬೊ ಡೀಸೆಲ್ ಇರೋರು ಇಂಟರ್‌ಕೂಲರ್‌ನೂ ಹಿಂಗೇ ನೋಡಿಕೊಳ್ಳಿ, ಅದರ ರಬ್ಬರ್ ಪೈಪ್ ಸೀಳಿದ್ದರೆ ಕಪ್ಪು ಹೊಗೆ ಬಿಟ್ಟು ಗಾಡಿ ಎಮ್ಮೆ ಥರ ಹೋಗುತ್ತೆ.

ಫ್ಯಾನ್ ಪರೀಕ್ಷೆಗೆ ಮೆಕ್ಯಾನಿಕ್ಕೂ ಬೇಡ. ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ, ಬಾನೆಟ್ ಎತ್ತಿ ನೋಡಿ. ಫ್ಯಾನ್ ತಿರುಗಬೇಕು, ಸೋಮಾರಿ ಥರ ಅಲ್ಲ, ಜೋರಾಗಿ. ಕೈ ಮಾತ್ರ ದೂರ ಇರಲಿ, ಇಂಜಿನ್ ಆಫ್ ಮಾಡಿದ ಮೇಲೂ ಕೆಲವು ಗಾಡಿಯಲ್ಲಿ ಅದು ತಾನಾಗೇ ಶುರುವಾಗುತ್ತೆ.

ಎರಡನೇ ಕಾರಣ ನೀರು. ಇದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೋಟದ ಡ್ರಿಪ್ ಲೈನ್ ನೋಡಿದೀರಲ್ಲ? ಬೋರ್ ನೀರು ಹಾಯಿಸಿ ಎರಡು ವರ್ಷಕ್ಕೆ ತೂತಿನ ಬಾಯಿಗೆ ಬಿಳಿ ಉಪ್ಪು ಕಟ್ಟಿ ಹನಿ ನಿಲ್ಲುತ್ತೆ, ಆಸಿಡ್ ಹಾಕಿ ತೊಳೀತೀವಿ. ಅದೇ ಬೋರ್ ನೀರನ್ನ ಬಿಸಿ ಇಂಜಿನ್ನಿಗೆ ಹಾಕಿದ್ರೆ ಏನಾಗಬೇಡ? ಡ್ರಿಪ್‌ನಲ್ಲಿ ನೀರು ತಣ್ಣಗಿರುತ್ತೆ, ಇಲ್ಲಿ ತೊಂಬತ್ತು ಡಿಗ್ರಿ. ಬಿಸಿ ಹೆಚ್ಚಾದಷ್ಟೂ ಸುಣ್ಣ ಬೇಗ ಕಟ್ಟುತ್ತೆ, ಸ್ನಾನದ ಹಂಡೆ ತಳ ನೋಡಿದರೆ ಸಾಕು. ರೇಡಿಯೇಟರ್ ಕೊಳವೆಗಳು ಡ್ರಿಪ್ ಪೈಪಿಗಿಂತ ಎಷ್ಟೋ ಸಣ್ಣವು. ಆದರೂ ನಮ್ಮಲ್ಲಿ ಅರ್ಧ ಜನ ಬಾಟಲಿಯಲ್ಲಿ ಮಟ್ಟ ಇಳಿದಾಗ ನಲ್ಲಿ ನೀರು ತುಂಬಿಸ್ತಾರೆ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಇನ್ನೂ ಇದ್ದಾರೆ, ಅವರನ್ನ ಕೇಳಿ. 1923ರಿಂದ ಕುಲುಮೆ ಉರಿದ ಊರು ಅದು. ಬಾಯ್ಲರಿಗೆ, ಕುಲುಮೆಯ ತಂಪಿಗೆ ಸಿಕ್ಕಸಿಕ್ಕ ನೀರು ಬಿಡೋದಿಲ್ಲ ಅನ್ನೋದು ಅಲ್ಲಿ ದುಡಿದವರಿಗೆ ಬಾಯಿಪಾಠ.

ಕೂಲೆಂಟ್ ಅಂತ ಹಸಿರು ಬಣ್ಣದ ನೀರು ಕೂಡ ಮಾರ್ತಾರೆ, ಬಣ್ಣ ನೋಡಿ ಮೋಸ ಹೋಗಬೇಡಿ. ಕಂಪನಿ ಪುಸ್ತಕದಲ್ಲಿ ಹೇಳಿದ ಕೂಲೆಂಟ್ ತಗೊಳ್ಳಿ. ಅದು ರೆಡಿ ಮಿಕ್ಸೋ, ನೀರು ಬೆರೆಸೋದೋ ಅಂತ ಡಬ್ಬಿ ಮೇಲೆ ಓದಿ. ಬೆರೆಸೋದಾದ್ರೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್, ಸಾಮಾನ್ಯವಾಗಿ ಅರ್ಧಕ್ಕರ್ಧ. ಕೂಲೆಂಟ್ ಕೆಲಸ ತಂಪು ಮಾಡೋದು ಮಾತ್ರ ಅಲ್ಲ, ತುಕ್ಕು ತಡೆಯೋದು, ಕುದಿಯೋ ಮಟ್ಟ ಏರಿಸೋದು.

ಕುದಿಯೋ ಮಾತು ಬಂತಲ್ಲ, ರೇಡಿಯೇಟರ್ ಮುಚ್ಚಳದ ಬಗ್ಗೆ ಎರಡು ಮಾತು. ನಮ್ಮ ಎತ್ತರದಲ್ಲಿ ಬರೀ ನೀರು ಕುದಿಯೋದು 98 ಡಿಗ್ರಿಗೆ. ಇಂಜಿನ್ ಬೇಸಿಗೆಯಲ್ಲಿ ಅಷ್ಟಕ್ಕೆ ಹೋಗೋದು ಮಾಮೂಲು. ಕುಕ್ಕರ್ ವಿಶಲ್ ಥರ ಆ ಮುಚ್ಚಳದಲ್ಲಿ ಒಂದು ಸ್ಪ್ರಿಂಗ್ ಇದೆ, ಒಳಗೆ ಒತ್ತಡ ಹಿಡಿದಿಟ್ಟು ಕುದಿಯೋ ಮಟ್ಟವನ್ನ ಸುಮಾರು 20 ಡಿಗ್ರಿ ಮೇಲಕ್ಕೆ ತಳ್ಳುತ್ತೆ. ಅದರ ರಬ್ಬರ್ ಒಡೆದರೆ ಒತ್ತಡ ನಿಲ್ಲಲ್ಲ, ನೀರು ಬೇಗ ಕುದಿಯುತ್ತೆ, ಬಾಟಲಿಗೆ ಉಕ್ಕಿ ಹೊರಗೆ ಚೆಲ್ಲುತ್ತೆ. ಇನ್ನೂರು ಮುನ್ನೂರು ರೂಪಾಯಿ ಮುಚ್ಚಳ ನೋಡದೆ ಸಾವಿರಾರು ರೂಪಾಯಿ ರೇಡಿಯೇಟರ್ ಬದಲಿಸಿದ ಕಥೆ ನಾನು ಒಂದಲ್ಲ ಮೂರು ಕೇಳಿದೀನಿ.

ಈಗ ಜಗಳದ ವಿಷಯ. ಥರ್ಮೋಸ್ಟಾಟ್ ವಾಲ್ವ್. "ಬಿಸಿ ಆಗ್ತಿದೆಯಾ? ವಾಲ್ವ್ ಕಿತ್ತು ಬಿಸಾಕೋಣ, ನೀರು ಸಲೀಸಾಗಿ ಓಡಾಡುತ್ತೆ." ಈ ಮಾತು ಹೇಳದ ಗ್ಯಾರೇಜ್ ಕಡಿಮೆ. ನಾನು ಇದನ್ನ ಸುತರಾಂ ಒಪ್ಪಲ್ಲ. ಆ ವಾಲ್ವ್ ಇಂಜಿನ್ 80 ಚಿಲ್ಲರೆ ಡಿಗ್ರಿಗೆ ಬರೋವರೆಗೆ ನೀರನ್ನ ರೇಡಿಯೇಟರಿಗೆ ಬಿಡದೆ ತಡೆಯುತ್ತೆ, ಆಮೇಲೆ ತೆರೆಯುತ್ತೆ. ಚಾನಲ್ ತೂಬಿನ ಥರ ಅಂತಿಟ್ಟುಕೊಳ್ಳಿ. ತೂಬು ಕಿತ್ತರೆ ನೀರು ಜಾಸ್ತಿ ಬರುತ್ತೆ, ಆದರೆ ಬೇಕಾದ ಗದ್ದೆಗೆ ಬರಲ್ಲ. ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನ ಮುಚ್ಚುತ್ತೆ. ವಾಲ್ವೇ ಇಲ್ಲದಿದ್ದರೆ ಆ ದಾರಿ ಸದಾ ತೆರೆದಿರುತ್ತೆ, ಒಂದಷ್ಟು ಬಿಸಿ ನೀರು ರೇಡಿಯೇಟರ್ ಮುಖವನ್ನೇ ನೋಡದೆ ಇಂಜಿನ್ನಿಗೆ ವಾಪಸ್. ಅಂದ್ರೆ ಏಪ್ರಿಲ್‌ನಲ್ಲಿ ಪೂರಾ ತಂಪಾಗಲ್ಲ, ಡಿಸೆಂಬರ್‌ನಲ್ಲಿ ಸರಿಯಾಗಿ ಬಿಸಿಯಾಗಲ್ಲ. ಬಿಸಿಯಾಗದ ಇಂಜಿನ್ ಅಂತ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರೀತಾ ಇರುತ್ತೆ, ಮೈಲೇಜ್ ಬೀಳುತ್ತೆ, ಸವೆತ ಹೆಚ್ಚುತ್ತೆ. ವಾಲ್ವ್ ಕೆಟ್ಟಿದೆಯೋ ನೋಡಬೇಕಾ? ಬಿಚ್ಚಿ ಪಾತ್ರೆ ನೀರಲ್ಲಿ ಹಾಕಿ ಒಲೆ ಮೇಲಿಡಿ, ನೀರು ಕುದಿ ಬರೋ ಹೊತ್ತಿಗೆ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ. ಕಿತ್ತು ಬಿಸಾಕೋದು ರಿಪೇರಿ ಅಲ್ಲ.

ಇನ್ನು ಮುಳ್ಳು ಏರದೆ ಗಾಡಿ ಸೋಲೋ ವಿಷಯ. ಇದೇ ಹೆಚ್ಚು ತಲೆ ತಿನ್ನೋದು, ಇದರಲ್ಲೇ ಹೆಚ್ಚು ದುಡ್ಡು ಹೋಗೋದು.

ನಮ್ಮದು ಹನ್ನೊಂದು ವರ್ಷದ ಸಣ್ಣ ಪೆಟ್ರೋಲ್ ಕಾರು. ಹೋದ ಬೇಸಿಗೆ ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗುವಾಗ ಕುದುರೆ, ಮಧ್ಯಾಹ್ನ ವಾಪಸ್ ಬರುವಾಗ ನಿದಿಗೆ ದಾಟಿದ ಮೇಲೆ ಕತ್ತೆ. ಆಕ್ಸಿಲರೇಟರ್ ಒತ್ತಿದ್ರೆ ಉಬ್ಬಸ ಬಂದಂಗೆ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದ್ರೆ ಮತ್ತೆ ಸರಿ. ಒಂದು ಗ್ಯಾರೇಜಲ್ಲಿ ಪ್ಲಗ್ ಬದಲಿಸಿದರು, ಏರ್ ಫಿಲ್ಟರ್ ಬದಲಿಸಿದರು. ಸರಿ ಹೋಗಲಿಲ್ಲ. ಸೆನ್ಸಾರ್ ಇರಬೇಕು, ಗಾಡಿ ಬಿಟ್ಟು ಹೋಗಿ ನಾಳೆ ನೋಡ್ತೀವಿ ಅಂದರು. ನಾಳೆ ಬೆಳಿಗ್ಗೆ ನೋಡಿದ್ರೆ ಏನು ಕಾಣುತ್ತೆ? ರಾತ್ರಿಯೆಲ್ಲಾ ನಿಂತು ತಣ್ಣಗಾದ ಗಾಡಿ ಬೆಳಿಗ್ಗೆ ಕುದುರೆ ಥರಾನೇ ಇರುತ್ತೆ. ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟಂಗೆ. ನಾನು ಬಿಡಲಿಲ್ಲ. ಬಿಸಿಲಲ್ಲಿ ಮೂವತ್ತು ಕಿಲೋಮೀಟರ್ ಓಡಿಸಿ, ಉಬ್ಬಸ ಬಂದ ಮೇಲೆ ಹಂಗೇ ಬೇರೆ ಮೆಕ್ಯಾನಿಕ್ ಹತ್ರ ತಗೊಂಡು ಹೋಗಿ, ಈಗಲೇ ಪೆಟ್ರೋಲ್ ಪ್ರೆಷರ್ ಮೀಟರ್ ಹಾಕಿ ಅಂದೆ. ತಣ್ಣಗಿದ್ದಾಗ 3 ಬಾರ್ ತೋರಿಸಬೇಕಾದ್ದು ಆಗ 2ಕ್ಕಿಂತ ಕೆಳಗಿತ್ತು. ಟ್ಯಾಂಕ್ ಒಳಗಿನ ಪಂಪ್ ಬಿಸಿಯಾದಾಗ ಸೋಲ್ತಿತ್ತು. ಪಂಪ್ ಬದಲಾಯ್ತು, ಈ ಬೇಸಿಗೆ ಇವತ್ತಿನವರೆಗೆ ಒಂದು ಸಲ ಕೂಡ ಉಬ್ಬಸ ಬಂದಿಲ್ಲ.

ಈ ಪಂಪ್ ವಿಷಯ ನಮಗೆ ಯಾಕೆ ಮುಖ್ಯ ಅಂದ್ರೆ, ಅದು ತಂಪಾಗೋದೇ ಸುತ್ತ ಇರೋ ಪೆಟ್ರೋಲಿನಿಂದ. ನಮ್ಮ ಕಡೆ ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ ಓಡಿಸೋ ರೂಢಿ. ಅಡಿಕೆ ಮಾರಿದ ತಿಂಗಳು ಫುಲ್ ಟ್ಯಾಂಕ್, ಉಳಿದ ತಿಂಗಳು ರಿಸರ್ವ್. ಬಡತನಕ್ಕೆ ಯಾರೂ ಬೈಯೋಕಾಗಲ್ಲ. ಆದರೆ ಬೇಸಿಗೆ ಎರಡು ತಿಂಗಳಾದರೂ ಕಾಲು ಟ್ಯಾಂಕ್ ಕೆಳಗೆ ಇಳಿಸಬೇಡಿ. ಬೋರ್‌ನಲ್ಲಿ ನೀರು ಕೆಳಗೆ ಹೋದಾಗ ಮೋಟಾರ್ ಸುಟ್ಟು ಹೋಗೋದು ನಮಗೆ ಗೊತ್ತಿಲ್ವಾ, ಇದೂ ಅದೇ ಜಾತಿ.

ಬಿಸಿಯಾದ ಮೇಲೆ ಕೆಡೋದು ಇನ್ನೂ ಇವೆ. ಇಗ್ನಿಷನ್ ಕಾಯಿಲ್ ಬಿರುಕು ಬಿಟ್ಟಿದ್ದರೆ ಬಿಸಿಗೆ ಕಿಡಿ ತಪ್ಪುತ್ತೆ, ಗಾಡಿ ಜರ್ಕ್ ಹೊಡೆಯುತ್ತೆ. ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿದ್ದರೆ ಹೊಗೆ ಹೊರಗೆ ಹೋಗೋಕೆ ದಾರಿ ಇಲ್ಲದೆ ಮೇಲೇರೋ ಹೊತ್ತಿಗೆ ಉಸಿರು ಕಟ್ಟುತ್ತೆ. ಏರ್ ಫಿಲ್ಟರ್ ಡಬ್ಬಿಯಿಂದ ಮುಂದಕ್ಕೆ ಬರೋ ಪ್ಲಾಸ್ಟಿಕ್ ಪೈಪ್ ನೋಡಿ. ಫಿಲ್ಟರ್ ಬದಲಿಸುವಾಗ ಅದನ್ನ ಕಳಚಿ ಹಂಗೇ ಬಿಟ್ಟಿರ್ತಾರೆ. ಆಗ ಇಂಜಿನ್ ಹೊರಗಿನ 40 ಡಿಗ್ರಿ ಗಾಳಿ ಬಿಟ್ಟು ಬಾನೆಟ್ ಒಳಗಿನ 65 ಡಿಗ್ರಿ ಗಾಳಿ ಎಳೀತಾ ಇರುತ್ತೆ. ಮೇಲಿನ ಲೆಕ್ಕ ಹಾಕಿ ನೋಡಿ, ಐದು ಪೈಸೆ ಹನ್ನೆರಡು ಪೈಸೆ ಆಯ್ತು. ಒಂದು ಕ್ಲಿಪ್ ಕೆಲಸ.

ಇಂಜಿನ್ನಿಗೆ ಸಂಬಂಧವೇ ಇಲ್ಲದ್ದೂ ಇರುತ್ತೆ. ಆಗುಂಬೆ ಘಾಟಿ ಹತ್ತುವಾಗ ಇಂಜಿನ್ ಕೂಗೋದು ಜಾಸ್ತಿ ಆಗಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಅದು ಕ್ಲಚ್ ಜಾರ್ತಿರೋದು, ಹದಿನಾಲ್ಕು ತಿರುವು ಮುಗಿಯೋ ಹೊತ್ತಿಗೆ ಸುಟ್ಟ ವಾಸನೆ ಬಂದೇ ಬರುತ್ತೆ. ಓಡಿಸಿ ಬಂದು ನಾಲ್ಕೂ ಚಕ್ರದ ಹತ್ರ ಕೈ ಒಯ್ದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಒಲೆ ಥರ ಕಾಯ್ದಿದ್ದರೆ ಅದರ ಬ್ರೇಕ್ ಹಿಡಿದುಕೊಂಡಿದೆ. ಬ್ರೇಕ್ ಹಾಕಿಕೊಂಡೇ ಕಾರು ಓಡಿಸ್ತಾ ಬಿಸಿಲಿಗೆ ಬೈದರೆ ಬಿಸಿಲು ಏನು ಮಾಡಬೇಕು.

ಪೆಟ್ರೋಲಿಗೆ ಎಥನಾಲ್ ಬೆರೆಸೋದರಿಂದ ಹಿಂಗಾಗ್ತಿದೆ ಅಂತ ಬಹಳ ಜನ ಬರೀತಿದಾರೆ. ಎಥನಾಲ್‌ನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಶಕ್ತಿ ಇರೋದು, ಹಂಗಾಗಿ ನೂರಕ್ಕೆ ಇಪ್ಪತ್ತು ಬೆರೆಸಿದಾಗ ಮೈಲೇಜ್ ಸ್ವಲ್ಪ ಬೀಳೋದು ನಿಜ. ಹಳೇ ಗಾಡಿಯ ರಬ್ಬರ್ ಪೈಪ್, ಸೀಲ್‌ಗಳನ್ನ ಅದು ಬೇಗ ತಿನ್ನಬಹುದು, ಅದಕ್ಕೆ ಹಳೇ ಗಾಡಿಯವರು ಪೈಪ್ ನೋಡಿಸಿಕೊಳ್ಳಬೇಕು. ಕಾರ್ಬುರೇಟರ್ ಇರೋ ಹಳೆ ಓಮ್ನಿ, 800 ಗಾಡಿಗಳಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಮಧ್ಯಾಹ್ನ ಸ್ಟಾರ್ಟ್ ಆಗದೆ ಸತಾಯಿಸೋದು ಎಥನಾಲ್ ಬರೋಕೆ ಮುಂಚೆಯೂ ಇತ್ತು. ಆದರೆ ಬೆಳಿಗ್ಗೆ ಚೆನ್ನಾಗಿ ಎಳೆದ ಗಾಡಿ ಮಧ್ಯಾಹ್ನ ಎಳೆಯದಿದ್ದರೆ ಟ್ಯಾಂಕಿನಲ್ಲಿ ಇರೋದು ಎರಡೂ ಹೊತ್ತು ಅದೇ ಪೆಟ್ರೋಲ್ ಅಲ್ವಾ? ಸರ್ಕಾರಕ್ಕೆ ಬೈಯೋಕೆ ಬೇರೆ ಕಾರಣ ಬೇಕಾದಷ್ಟಿವೆ. ಬೈದು ಸುಮ್ಮನಾದರೆ ಸೋತ ಪಂಪ್ ಸೋತೇ ಇರುತ್ತೆ.

ಗ್ಯಾರೇಜಿನವರನ್ನ ಕಳ್ಳರು ಅನ್ನೋ ಗುಂಪಿಗೆ ನಾನು ಸೇರಲ್ಲ. ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಕೈ ಚಳಕ ಇರೋ ಮೆಕ್ಯಾನಿಕ್‌ಗಳು ಇದ್ದಾರೆ. ಆದರೆ ನಿಂತ ಕಾಲಲ್ಲಿ "ಬೇಗ ಮಾಡು, ಬಸ್ಸಿಗೆ ಹೊತ್ತಾಯ್ತು" ಅನ್ನೋ ಗಿರಾಕಿಗೆ ಅವರು ಪರೀಕ್ಷೆ ಮಾಡಲ್ಲ, ಪಾರ್ಟ್ ಬದಲಿಸ್ತಾರೆ. ಪರೀಕ್ಷೆಗೆ ದುಡ್ಡು ಕೇಳಿದ್ರೆ ನಮ್ಮವರು ಕೊಡಲ್ಲ, ಪಾರ್ಟಿಗೆ ಕೇಳಿದ್ರೆ ಕೊಡ್ತಾರೆ. ಇದು ಮೊದಲು ಬದಲಾಗಬೇಕು. ಅರ್ಧ ದಿನ ಗಾಡಿ ಬಿಸಿ ಮಾಡಿ ಓಡಿಸಿ ನೋಡಿದ್ದಕ್ಕೆ ಕೂಲಿ ಕೊಡಿ. ಹಳೆ ಪಾರ್ಟ್ ಕೈಗೆ ಕೇಳಿ ತಗೊಳ್ಳಿ. "ಇದು ಕೆಟ್ಟಿದೆ ಅಂತ ಹೆಂಗೆ ಗೊತ್ತಾಯ್ತು?" ಅಂತ ಒಂದು ಮಾತು ಕೇಳಿ, ಮರ್ಯಾದೆಯಿಂದಲೇ.

ದಾರೀಲಿ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಬೆವರು ಕಿತ್ತು ಬರುತ್ತೆ, ಆದರೆ ಹೀಟರ್ ಒಂದು ಸಣ್ಣ ರೇಡಿಯೇಟರ್ ಇದ್ದಂಗೆ, ಇಂಜಿನ್ ಬಿಸಿ ಎಳೆದು ಹೊರಗೆ ಹಾಕುತ್ತೆ. ಬದಿಗೆ ನಿಲ್ಲಿಸಿ. ಆವಿ ಬರ್ತಿದ್ದರೆ, ಕೆಂಪು ದೀಪ ಬಂದಿದ್ದರೆ ಇಂಜಿನ್ ತಕ್ಷಣ ಆಫ್. ಮುಚ್ಚಳ ಮುಟ್ಟಲೇಬೇಡಿ, ಮುಕ್ಕಾಲು ಗಂಟೆ ಕಾಯಿರಿ. ಒತ್ತಡದಲ್ಲಿರೋ ನೀರು ಮುಚ್ಚಳ ಸಡಿಲಾದ ಕೂಡಲೇ ಮುಖಕ್ಕೆ ಹಾರುತ್ತೆ, ಹಂಗೆ ಕುತ್ತಿಗೆ ಎದೆ ಬೆಂದವರನ್ನ ನಾನು ನೋಡಿದೀನಿ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯೋದೂ ಬೇಡ, ಅಲ್ಯುಮಿನಿಯಂ ಹೆಡ್ ಬಿರುಕು ಬಿಡುತ್ತೆ. ಆಮೇಲೆ ಸೋರಿಕೆ ಎಲ್ಲೂ ಕಾಣದೆ ಕೂಲೆಂಟ್ ಕಡಿಮೆಯಾಗ್ತಿದ್ದರೆ, ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಂದು ಮೈಲಿ ಕೂಡ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸೋ ಸಣ್ಣ ಸ್ಕ್ಯಾನರ್ ಒಂದು ನಾನು ತಂದಿದೀನಿ, ಸಾವಿರ ರೂಪಾಯಿ ಒಳಗೇ ಸಿಕ್ತು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಕೂಲೆಂಟ್ ಎಷ್ಟು ಡಿಗ್ರಿ, ಒಳಗೆ ಹೋಗೋ ಗಾಳಿ ಎಷ್ಟು ಡಿಗ್ರಿ ಎಲ್ಲಾ ಅಂಕಿಯಲ್ಲೇ ಬರುತ್ತೆ. 2013ರ ಈಚಿನ ಹೆಚ್ಚಿನ ಕಾರುಗಳಿಗೆ ಕೂರುತ್ತೆ, ಮುಳ್ಳಿಲ್ಲದ ಕಾರಿನವರಿಗಂತೂ ಇದೇ ಮುಳ್ಳು. ಊರಿಗೆ ಒಂದು ಇದ್ದರೆ ಸಾಕು, ಎಲ್ಲರೂ ಕೊಳ್ಳಬೇಕಾಗಿಲ್ಲ, ಸ್ಪ್ರೇಯರ್ ಹಂಚಿಕೊಂಡಂಗೆ ಹಂಚಿಕೊಳ್ಳಬಹುದು. ಬೇಕಾದವರು ಈ ಭಾನುವಾರ ಗಾಡಿ ತಗೊಂಡು ನಮ್ಮ ಕಣಕ್ಕೆ ಬನ್ನಿ, ನೋಡೋಣ. ಬೆಳಿಗ್ಗೆ ಬರಬೇಡಿ. ಮೂವತ್ತು ಕಿಲೋಮೀಟರ್ ಓಡಿಸಿ, ಎರಡು ಗಂಟೆ ಬಿಸಿಲಿಗೆ ಬನ್ನಿ. ಟಾರ್ಚ್ ನನ್ನ ಹತ್ರ ಇದೆ, ಮಜ್ಜಿಗೆಯೂ ಇರುತ್ತೆ.